ಒಂದು ದಿರ್ಹಮಿನ ದೋಣಿ, ಹದಿನಾರು ದಿರ್ಹಮಿನ ಮಸಾಲೆ ದೋಸೆ: ಹಳೆಯ ದುಬೈಯಲ್ಲಿ ಒಂದು ಶನಿವಾರ

ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಮನೆಯ ಸುತ್ತಮುತ್ತ ಗಲ್ಫ್‌ನಲ್ಲಿ ಒಬ್ಬ ಮಗನೋ ಮಗಳೋ ಇಲ್ಲದ ಮನೆಯನ್ನು ಹುಡುಕಿ ತೆಗೆಯುವುದೇ ಕಷ್ಟ. ಹೀಗಾಗಿ ದುಬೈಗೆ ಹೋಗಿ ಬಂದೆ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ‘ಚಿನ್ನ ಎಷ್ಟು ತಂದಿರಿ?’, ‘ಬುರ್ಜ್ ಖಲೀಫಾ ಹತ್ತಿದಿರಾ?’ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಸುಮ್ಮನಾಗುತ್ತಾರೆ. 2025ರ ಜನವರಿಯಲ್ಲಿ ಮಗನ ಮನೆಯಲ್ಲಿ ಮೂರು ವಾರ ಇದ್ದು ಬಂದ ನನ್ನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಉತ್ತರವಿಲ್ಲ. ಆದರೆ ಅಲ್ಲಿ ಕಳೆದ ಒಂದು ಶನಿವಾರದ ಬಗ್ಗೆ, ಅಂದು ಸುತ್ತಿದ ಮಾರುಕಟ್ಟೆಗಳು ಮತ್ತು ಉಂಡ ಊಟದ ಬಗ್ಗೆ ವಿವರವಾಗಿ ಹೇಳುವುದಿದೆ. ಮಕ್ಕಳ ಮನೆಗೆ ಹೊರಟು ನಿಂತಿರುವ, ಅರವತ್ತು ದಾಟಿದ, ಮೊಣಕಾಲು ಅಷ್ಟಾಗಿ ಮಾತು ಕೇಳದ ನನ್ನಂಥವರಿಗೆ ಇದು ಉಪಯೋಗವಾದೀತು ಎಂಬ ಎಣಿಕೆಯಿಂದ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಅಳತೆಗೋಲು ಯಾವುದೆಂದು ಹೇಳಿಬಿಡುತ್ತೇನೆ. ಒಂದು ಪೇಟೆ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾನು ಅಲ್ಲಿಯ ದರದಿಂದ ತೀರ್ಮಾನಿಸುವುದಿಲ್ಲ. ಕೊಳ್ಳದೆ ಸುಮ್ಮನೆ ನೋಡಲು ಬಿಡುತ್ತಾರೆಯೇ, ನೋಡಿ ದಣಿದ ಮೇಲೆ ಕೂರಲು ಜಾಗವಿದೆಯೇ ಎಂಬ ಎರಡೇ ಸಂಗತಿಗಳಿಂದ ತೀರ್ಮಾನಿಸುತ್ತೇನೆ. ಉಡುಪಿಯ ರಥಬೀದಿಯಲ್ಲಿ ಈ ಎರಡೂ ಇರುವುದರಿಂದ ಅದು ಅಭ್ಯಾಸವಾಗಿ ಹೋಗಿದೆ. ಅಲ್ಲಿ ಹಿತ್ತಾಳೆಯ ದೀಪವನ್ನು ಕೈಯಲ್ಲಿ ಹಿಡಿದು ಹತ್ತು ನಿಮಿಷ ತಿರುಗಿಸಿ ನೋಡಿ, ಹಾಗೇ ಇಟ್ಟು ಬಂದು, ಮಠದ ಜಗಲಿಯ ಮೇಲೆ ಕುಳಿತರೆ ಯಾರೂ ಏನೂ ಹೇಳುವುದಿಲ್ಲ.

ಈ ಅಳತೆಯಲ್ಲಿ ದುಬೈ ಮಾಲ್‌ಗೆ ಅರ್ಧ ಅಂಕ ಮಾತ್ರ. ಅಲ್ಲಿಗೆ ಹಿಂದಿನ ವಾರವೇ ಹೋಗಿದ್ದೆವು. ಮೆಟ್ರೊ ನಿಲ್ದಾಣದಿಂದ ಮಾಲ್‌ವರೆಗಿನ ಹವಾನಿಯಂತ್ರಿತ ಓಣಿಯೇ ಮುಗಿಯುವುದಿಲ್ಲ. ಒಳಗೆ ಗಾಜಿನಾಚೆ ಈಜುವ ತಿಮಿಂಗಿಲದಷ್ಟು ದಪ್ಪ ಮೀನುಗಳನ್ನು ನೋಡಿದ್ದಾಯಿತು, ಹೊರಗೆ 828 ಮೀಟರ್ ಎತ್ತರದ ಗೋಪುರವನ್ನು ಕತ್ತು ನೋಯುವಷ್ಟು ಎತ್ತಿ ನೋಡಿದ್ದಾಯಿತು. ನೋಡಲು ಬಿಡುತ್ತಾರೆ, ಸಂದೇಹವಿಲ್ಲ. ಆದರೆ ಏನನ್ನಾದರೂ ಕುಡಿಯದೆ ಕೂರಲು ಜಾಗ ಹುಡುಕಿದಾಗ ಅಲ್ಲಿಯ ಉದ್ದಗಲ ಎಷ್ಟೆಂಬುದು ನನ್ನ ಮೊಣಕಾಲಿಗೆ ತಿಳಿಯಿತು. ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಸೊಸೆ, “ಅತ್ತೆ, ಮುಂದಿನ ಶನಿವಾರ ಹಳೆ ಪೇಟೆಗೆ ಹೋಗುವಾ, ಅಲ್ಲಿ ನಿಮಗೆ ಊರಿನ ಹಾಗೇ ಅನ್ನಿಸ್ತದೆ” ಎಂದಳು.

ಶನಿವಾರವೇ ಏಕೆಂದರೆ, 2022ರ ಜನವರಿಯಿಂದ ಅಲ್ಲಿಯ ವಾರಾಂತ್ಯ ಶುಕ್ರವಾರ ಮತ್ತು ಶನಿವಾರದಿಂದ ಶನಿವಾರ ಮತ್ತು ಭಾನುವಾರಕ್ಕೆ ಬದಲಾಗಿದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಹಳೆಯ ಪೇಟೆ ಬಾಗಿಲು ಹಾಕುತ್ತದೆ. ಉಳಿದ ದಿನಗಳಲ್ಲೂ ಹಲವು ಸಣ್ಣ ಅಂಗಡಿಗಳವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಲಗಿ ಏಳುವ ಕ್ರಮವನ್ನು ಬಿಟ್ಟಿಲ್ಲವಾದ್ದರಿಂದ ಬೆಳಿಗ್ಗೆ ಹತ್ತಕ್ಕೆ ತಲುಪುವಂತೆ ಹೊರಡುವುದು ಮೇಲು. ಮಗನ ಮನೆ ಅಲ್ ಕುಸೈಸ್‌ನಲ್ಲಿರುವುದರಿಂದ ನಮಗೆ ಮೆಟ್ರೊದ ಹಸಿರು ಮಾರ್ಗ ಹತ್ತಿರ. ಚಾಲಕನಿಲ್ಲದೆ ಓಡುವ ಈ ರೈಲಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಬೇರೆ ಡಬ್ಬಿ ಇದೆ, ಎಲ್ಲೆಡೆ ಲಿಫ್ಟ್ ಇದೆ, ‘ನೋಲ್’ ಎಂಬ ಕಾರ್ಡನ್ನು ಮುಟ್ಟಿಸಿದರೆ ಕನಿಷ್ಠ 3 ದಿರ್ಹಮ್ ಕಳೆಯುತ್ತದೆ. ಒಂದು ಎಚ್ಚರಿಕೆ: ಡಬ್ಬಿಯೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ, ದಂಡ 100 ದಿರ್ಹಮ್. ಅಭ್ಯಾಸಬಲದಿಂದ ಕೈಚೀಲದ ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದ್ದ ನನ್ನನ್ನು ಮೊಮ್ಮಗಳು ಕಣ್ಣಿನಲ್ಲೇ ಗದರಿಸಿದಳು.

ಅಲ್ ರಾಸ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಡೇರಾದ ಮಸಾಲೆ ಮಾರುಕಟ್ಟೆಗೆ ನಾಲ್ಕು ಹೆಜ್ಜೆ. ನಮ್ಮ ಮೂಗು ಕಾಳುಮೆಣಸು, ಏಲಕ್ಕಿ, ಲವಂಗಗಳ ನಡುವೆಯೇ ಬೆಳೆದದ್ದು. ಹಾಗಿದ್ದೂ ಇಲ್ಲಿಯ ವಾಸನೆ ಬೇರೆ. ಗೋಣಿಯ ಬಾಯಿ ಮಡಚಿ ತೆರೆದಿಟ್ಟ ಒಣ ಗುಲಾಬಿ ಮೊಗ್ಗು, ಹುಳಿಯಾದ ಕೆಂಪು ಸುಮಾಕ್ ಪುಡಿ, ಒಮಾನಿನಿಂದ ಬರುವ ಲೋಬಾನದ ಹರಳು, ಇರಾನಿನ ಪಿಸ್ತಾ ಎಲ್ಲವೂ ಒಟ್ಟಿಗೆ ಮೂಗಿಗೆ ಬರುತ್ತವೆ. ಬಟಾಣಿಯಷ್ಟು ದಪ್ಪದ ಹಸಿರು ಏಲಕ್ಕಿಯನ್ನು ನೋಡಿ ಸಕಲೇಶಪುರದ್ದೇ ಇರಬೇಕೆಂದುಕೊಂಡೆ, ವಿಚಾರಿಸಿದರೆ ಗ್ವಾಟೆಮಾಲಾದ್ದು. ಅರಬರ ಕಾಫಿಗೆ ಬೀಳುವ ಏಲಕ್ಕಿಯ ದೊಡ್ಡ ಪಾಲು ಆ ದೇಶದಿಂದಲೇ ಬರುತ್ತದೆಂದು ಮಗ ಹೇಳಿದ.

ಆದರೆ ನನ್ನ ಅಳತೆಗೋಲಿನಲ್ಲಿ ಈ ಮಾರುಕಟ್ಟೆ ಸೋಲುತ್ತದೆ. ನಿಂತು ನೋಡಲು ಬಿಡುವುದೇ ಇಲ್ಲ. ಸೀರೆ ಕಂಡ ಕೂಡಲೇ ಹಿಂದಿಯಲ್ಲಿ, ಅದಕ್ಕೆ ಓಗೊಡದಿದ್ದರೆ ಮಲಯಾಳದಲ್ಲಿ ಕರೆದು, ಅಂಗೈಗೆ ಏನಾದರೊಂದನ್ನು ಸುರಿದುಬಿಡುತ್ತಾರೆ. ಸುರಿದ ಮೇಲೆ ತಿನ್ನದೆ ಇರಲಾಗದು, ತಿಂದ ಮೇಲೆ ಕೊಳ್ಳದೆ ಹೋಗಲು ಮುಜುಗರ. ಒಂದು ಅಂಗಡಿಯಲ್ಲಿ ಗ್ರಾಮಿಗೆ 40 ದಿರ್ಹಮ್ ಎಂದು ಶುರುವಾದ ಕೇಸರಿ ನಾನು ಬೆನ್ನು ತಿರುಗಿಸುವಷ್ಟರಲ್ಲಿ 25ಕ್ಕೂ, ಮೂರನೇ ಅಂಗಡಿ ದಾಟುವಷ್ಟರಲ್ಲಿ 15ಕ್ಕೂ ಇಳಿಯಿತು. ಹದಿನೈದು ನಿಮಿಷದೊಳಗೆ ಹೀಗೆ ಇಳಿಯುವ ವಸ್ತುವಿನ ನಿಜವಾದ ದರ ಯಾವುದೆಂದು ನನಗೆ ಅರ್ಥವಾಗದ ಕಾರಣ ಕೊಳ್ಳಲಿಲ್ಲ. ಕೊಳ್ಳಲೇಬೇಕೆನ್ನುವವರು ಎರಡು ಎಸಳನ್ನು ಬೆಚ್ಚಗಿನ ನೀರಿಗೆ ಹಾಕಿಸಿ ನೋಡಬಹುದು: ಒಳ್ಳೆಯ ಕೇಸರಿ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ, ಬಣ್ಣ ಹಚ್ಚಿದ್ದಾದರೆ ಹಾಕಿದ ಕ್ಷಣವೇ ನೀರು ಕೆಂಪಗಾಗಿ ಎಸಳು ಬಿಳಿಚಿಕೊಳ್ಳುತ್ತದೆ. ಕುಸುಬೆ ಹೂವಿನ ಎಸಳನ್ನೇ ಕೇಸರಿಯೆಂದು ಮಾರುವುದೂ ಉಂಟಂತೆ.

ನಾನು ಅಲ್ಲಿ ಕೊಂಡದ್ದು ಲೂಮಿಯನ್ನು ಮಾತ್ರ. ಉಪ್ಪುನೀರಿನಲ್ಲಿ ಕುದಿಸಿ, ಒಳಗೆಲ್ಲ ಕಪ್ಪಾಗುವವರೆಗೆ ಬಿಸಿಲಿನಲ್ಲಿ ಒಣಗಿಸಿದ ಇಡೀ ನಿಂಬೆಹಣ್ಣು ಅದು. ಕೈಯಲ್ಲಿ ಹಿಡಿದರೆ ಪಿಂಗ್‌ಪಾಂಗ್ ಚೆಂಡಿನಷ್ಟು ಹಗುರ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ಕಾಲು ಕಿಲೊಗೆ 8 ದಿರ್ಹಮ್ ಕೊಟ್ಟೆವು. ಈ ದರವನ್ನು ಮಾತಾಡಿದವಳು ಸೊಸೆ. ನನಗೆ ಮೊದಲೇ “ಅತ್ತೆ, ನೀವು ಮುಖದಲ್ಲಿ ಆಸೆ ತೋರಿಸ್ಬೇಡಿ” ಎಂದು ತಾಕೀತು ಮಾಡಿದ್ದಳು.

ಅಲ್ಲಿಂದ ಚಿನ್ನದ ಮಾರುಕಟ್ಟೆಗೆ ನಡೆದೇ ಹೋಗಬಹುದು. ಮರದ ಮಾಡು ಹೊದಿಸಿದ ಉದ್ದದ ಬೀದಿ, ಎರಡೂ ಕಡೆ ಸಾಲಾಗಿ ಅಂಗಡಿಗಳು, ನಡುವೆ ಕೂರಲು ಬೆಂಚುಗಳು. ಬೆಂಚು ಕಂಡೊಡನೆ ನನ್ನ ಅರ್ಧ ಅಂಕ ಇವರಿಗೆ ಸಂದಿತು. ಗಾಜಿನ ಹಿಂದೆ ಎದೆಕವಚದಂಥ ಹಾರಗಳು, ಕಿರೀಟಗಳು; ಒಂದು ಅಂಗಡಿಯಲ್ಲಿ 2000ನೇ ಇಸವಿಯಲ್ಲಿ ತಯಾರಾದ, 21 ಕ್ಯಾರಟ್‌ನ, ಸುಮಾರು 64 ಕಿಲೊ ತೂಕದ ಒಂದು ಉಂಗುರವನ್ನು ಗಿನ್ನೆಸ್ ಪ್ರಮಾಣಪತ್ರದ ಸಹಿತ ಇಟ್ಟಿದ್ದಾರೆ. ‘ನಜ್ಮತ್ ತೈಬಾ’ ಎಂದು ಅದರ ಹೆಸರು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲಿನಲ್ಲಿ ನಾವೂ ನಿಂತೆವು.

ಈ ಬೀದಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕಾಗಿದೆ, ಏಕೆಂದರೆ ಊರಿನಲ್ಲಿ ಇದರ ಬಗ್ಗೆ ಇರುವ ಭ್ರಮೆಯೂ ಹೆಚ್ಚು. ಚಿನ್ನದ ದರದಲ್ಲಿ ಚೌಕಾಶಿ ಇಲ್ಲ. ದಿನದ ದರ ಎಲ್ಲ ಅಂಗಡಿಗಳ ಫಲಕದಲ್ಲೂ ಒಂದೇ ಇರುತ್ತದೆ. ನಮ್ಮ ಶಂಕರಪುರದಲ್ಲಿ ದಿನವೂ ಮಲ್ಲಿಗೆಯ ದರ ಕಟ್ಟಿದ ಮೇಲೆ ಉಡುಪಿಯಿಂದ ಮಂಗಳೂರಿನವರೆಗೆ ಅಟ್ಟೆಗೆ, ಅಂದರೆ ಹೂವಿನ ಒಂದು ಅಳತೆಗೆ, ಅದೇ ದರ ನಡೆಯುವ ಹಾಗೆ. ನಾವು ಹೋದ ದಿನ 22 ಕ್ಯಾರಟ್ ಗ್ರಾಮಿಗೆ 302 ದಿರ್ಹಮ್ ಇತ್ತು. ಚೌಕಾಶಿ ಏನಿದ್ದರೂ ಮಜೂರಿಯಲ್ಲಿ. ನಮ್ಮಲ್ಲಿ ಮಜೂರಿಯೊಂದಿಗೆ ವೇಸ್ಟೇಜ್ ಎಂಬ ಶೇಕಡಾವಾರು ಲೆಕ್ಕ ಸೇರಿ ಬಿಲ್ಲನ್ನು ಅರ್ಥಮಾಡಿಕೊಳ್ಳಲು ಗಣಿತದ ಮೇಷ್ಟರೇ ಬೇಕಾಗುತ್ತದೆ. ಮೂವತ್ತು ವರ್ಷ ಗಣಿತ ಕಲಿಸಿದ ನನಗೇ ಎರಡು ಸಲ ಕೂಡಿಸಿ ನೋಡಬೇಕಾಗುತ್ತದೆ. ಅಲ್ಲಿ ಮೊಮ್ಮಗಳಿಗೆಂದು ಆರಿಸಿದ 3.2 ಗ್ರಾಮಿನ ಒಂದು ಜೊತೆ ಬೆಂಡೋಲೆಗೆ ಗ್ರಾಮಿಗೆ 25 ದಿರ್ಹಮ್ ಮಜೂರಿ ಕೇಳಿ 18ಕ್ಕೆ ಒಪ್ಪಿದರು. ಚಿನ್ನಕ್ಕೆ 966, ಮಜೂರಿಗೆ 58, ಎರಡರ ಮೇಲೆ ಶೇ. 5ರ ತೆರಿಗೆ 51, ಒಟ್ಟು 1,075 ದಿರ್ಹಮ್ ಎಂದು ಕಾಗದದ ಮೇಲೆ ಬರೆದು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಓಲೆಯ ಹಿಂಬದಿಯ 916 ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಲು ಕೊಟ್ಟರು. ತಕ್ಕಡಿಯ ತಟ್ಟೆಯನ್ನು ನನ್ನೆದುರೇ ಒರೆಸಿ, ಸೊನ್ನೆ ಬಂದ ಮೇಲೆ ಓಲೆ ಇಟ್ಟರು. ಈ ಶಿಸ್ತು ನನಗೆ ಬಹಳ ಹಿಡಿಸಿತು.

ಲೆಕ್ಕ ಮುಗಿಯುವವರೆಗೆ ಹಿಂದಿಯಲ್ಲೇ ಮಾತಾಡುತ್ತಿದ್ದ ಆ ಮಾರಾಟಗಾರರು, ನಾನು ಸೊಸೆಗೆ “ಸಾಕು, ಇನ್ನು ಜಗ್ಗಬೇಡ” ಎಂದದ್ದನ್ನು ಕೇಳಿ, “ಇರ್‍ನ ಊರು ಓಲಮ್ಮಾ?” ಎಂದು, ಅಂದರೆ ನಿಮ್ಮ ಊರು ಎಲ್ಲಮ್ಮಾ ಎಂದು, ತುಳುವಿನಲ್ಲಿ ಕೇಳಿದರು. ಅವರು ಪುತ್ತೂರಿನ ಕಡೆಯವರು, ಅಲ್ಲಿಗೆ ಹೋಗಿ ಹತ್ತೊಂಬತ್ತು ವರ್ಷ. ತುಳು ಬಂದ ಮೇಲೆ ಚಹಾ ಬಂತು. ದರ ಮತ್ತೆ 5 ದಿರ್ಹಮ್ ಇಳಿಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಕೊಳ್ಳುವುದಿಲ್ಲವೆಂದು ಮೊದಲೇ ಹೇಳಿದ ಮೇಲೂ ನಾಲ್ಕು ತಟ್ಟೆ ಬಳೆಗಳನ್ನು ಹೊರಗೆ ತೆಗೆದು ತೋರಿಸಿದರು.

ಹಾಗಿದ್ದರೆ ಬಳೆಗಳನ್ನು ಏಕೆ ತರಲಿಲ್ಲ ಎಂದು ಊರಿನಲ್ಲಿ ಎಲ್ಲರೂ ಕೇಳಿದ್ದಾರೆ. ಲೆಕ್ಕ ಸರಳ. ಭಾರತ ಸರಕಾರ 2024ರ ಜುಲೈಯಲ್ಲಿ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದ ಮೇಲೆ ದರದ ಅಂತರ ಹಿಂದಿನಷ್ಟು ಉಳಿದಿಲ್ಲ. ನಾನು ಹೋದಾಗ ಗ್ರಾಮಿಗೆ ಮುನ್ನೂರು ನಾನ್ನೂರು ರೂಪಾಯಿಯ ವ್ಯತ್ಯಾಸವಿತ್ತು, ಅಷ್ಟೇ. ಹೆಂಗಸರಿಗೆ 40 ಗ್ರಾಮ್, ಗಂಡಸರಿಗೆ 20 ಗ್ರಾಮ್ ಆಭರಣ ಸುಂಕವಿಲ್ಲದೆ ತರಬಹುದೆಂದು ಊರಲ್ಲೆಲ್ಲ ಹೇಳುವ ಮಾತಿಗೆ ಒಂದು ಬಾಲವಿದೆ: ಆ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ವಾಸವಿದ್ದು ಮರಳುವವರಿಗೆ. ಮೂರು ವಾರದ ಅತಿಥಿಯಾದ ನನಗೆ ಅದು ಅನ್ವಯಿಸುವುದಿಲ್ಲ. ಪ್ರವಾಸಿಗರು 250 ದಿರ್ಹಮಿಗಿಂತ ಕಡಿಮೆಯಿಲ್ಲದ ಖರೀದಿಗೆ ಕೊಟ್ಟ ತೆರಿಗೆಯನ್ನು ವಿಮಾನ ನಿಲ್ದಾಣದಲ್ಲಿ ಮರಳಿ ಪಡೆಯಬಹುದು, ನಿಜ. ಆದರೆ ಸೇವಾಶುಲ್ಕ ಕಳೆದು ಕೊಡುತ್ತಾರೆ, ಅಂಗಡಿಯಲ್ಲಿಯೇ ಪಾಸ್‌ಪೋರ್ಟ್ ತೋರಿಸಿ ನಮೂದು ಮಾಡಿಸಿರಬೇಕು, ವಸ್ತು ದೇಶದಿಂದ ಹೊರಗೆ ಹೋಗಬೇಕು. ಬೆಂಡೋಲೆ ಅಲ್ಲಿಯೇ ಇರುವ ಮೊಮ್ಮಗಳ ಕಿವಿಯಲ್ಲಿರುವುದರಿಂದ ನಮಗೆ ಆ ತೊಂದರೆಯೂ ಇರಲಿಲ್ಲ, ಆ ಲಾಭವೂ ಇರಲಿಲ್ಲ.

ಹನ್ನೆರಡರ ಹೊತ್ತಿಗೆ ಖೋರ್, ಅಂದರೆ ಸಮುದ್ರದಿಂದ ಒಳನಾಡಿಗೆ ಚಾಚಿಕೊಂಡ ಅಳಿವೆಯ ದಡಕ್ಕೆ ಬಂದೆವು. ಡೇರಾ ಈ ದಡದಲ್ಲಿ, ಬರ್ ದುಬೈ ಆ ದಡದಲ್ಲಿ. ದಡದುದ್ದಕ್ಕೂ ಮರದ ಹಡಗುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅವುಗಳಿಗೆ ಫ್ರಿಜ್ಜು, ಟಯರು, ಅಕ್ಕಿ ಮೂಟೆ ತುಂಬುತ್ತಿದ್ದರು. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ, ಟಾರು ಮತ್ತು ಡೀಸೆಲ್ ಬೆರೆತ ಆ ವಾಸನೆಯೂ ಹೊಸದಲ್ಲ. ಇಷ್ಟು ಹೊತ್ತು ಗಾಜು ಮತ್ತು ಉಕ್ಕಿನ ನಗರದಲ್ಲಿದ್ದೇನೆಂದುಕೊಂಡಿದ್ದವಳಿಗೆ ಒಮ್ಮೆಲೇ ಬಂದರಿನಲ್ಲಿ ನಿಂತಂತಾಯಿತು.

ದಾಟಲು ಅಬ್ರಾ ಎಂಬ ಮರದ ದೋಣಿ. ದರ 1 ದಿರ್ಹಮ್, ನಾಣ್ಯವನ್ನೇ ಕೈಗೆ ಕೊಡಬೇಕು. ಸುಮಾರು ಇಪ್ಪತ್ತು ಜನ ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು, ನೀರಿನ ಕಡೆ ಮುಖ ಮಾಡಿ ಕೂರುತ್ತಾರೆ. ಪಕ್ಕಕ್ಕೆ ಕಂಬಿ ಕಟಕಟೆ ಏನೂ ಇಲ್ಲ. ಹತ್ತುವಾಗ ದೋಣಿಯೂ ಕಟ್ಟೆಯೂ ಒಮ್ಮೆ ಕೂಡಿ ಒಮ್ಮೆ ಅಗಲುತ್ತಿರುತ್ತವೆ; ಮೊಣಕಾಲು ನೋವಿನವರು ಆ ಕೂಡುವ ಗಳಿಗೆಯನ್ನು ಕಾಯಬೇಕು. ದೋಣಿಯವರು ತಾವಾಗಿಯೇ ಕೈ ಚಾಚಿ ನನ್ನನ್ನು ಹತ್ತಿಸಿಕೊಂಡರು. ಐದಾರು ನಿಮಿಷದ ಪ್ರಯಾಣ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವುದಕ್ಕೂ ಇದಕ್ಕೂ ವ್ಯತ್ಯಾಸವೆಂದರೆ ಇಲ್ಲಿ ತೆಂಗಿನ ತೋಟದ ಬದಲು ಗಾಳಿಗೋಪುರಗಳು, ಮಿನಾರುಗಳು ಎದುರಾಗುತ್ತವೆ, ಮತ್ತು ನೀರಿಗೆ ಬೀಳುವ ಬಿಳಿ ಹಕ್ಕಿಗಳು ದೋಣಿಯ ಜೊತೆಗೇ ಹಾರಿ ಬರುತ್ತವೆ. ಮೂರು ವಾರದಲ್ಲಿ ಖರ್ಚು ಮಾಡಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಆ ಒಂದು ದಿರ್ಹಮ್. ಆಗಿನ ಲೆಕ್ಕದಲ್ಲಿ ಇಪ್ಪತ್ಮೂರು ರೂಪಾಯಿ ಚಿಲ್ಲರೆ. ಏನು ಕಂಡರೂ ಹೀಗೆ ಇಪ್ಪತ್ಮೂರರಿಂದ ಗುಣಿಸುವುದು ನನ್ನ ಅಭ್ಯಾಸವಾಗಿಬಿಟ್ಟಿತ್ತು. “ಗುಣಿಸಿದ್ರೆ ಇಲ್ಲಿ ನೀರೂ ಕುಡೀಲಿಕ್ಕೆ ಆಗುದಿಲ್ಲ ಅಮ್ಮಾ” ಎಂದು ಮಗ ಗೊಣಗುತ್ತಲೇ ಇದ್ದ.

ಆ ದಡದ ಬಟ್ಟೆ ಮಾರುಕಟ್ಟೆಯನ್ನು ಬೇಗ ದಾಟಿಸುತ್ತೇನೆ. ಶಾಲು ತಂದು ಹೆಗಲಿಗೇ ಹಾಕಿಬಿಡುವ ಉಪದ್ರವ ಮಸಾಲೆಯವರಿಗಿಂತ ಒಂದು ತೂಕ ಹೆಚ್ಚು. ಅಲ್ಲಿ ‘ಕಾಶ್ಮೀರದ್ದು’ ಎಂದು ತೋರಿಸಿದ ಶಾಲು ಯಂತ್ರದ ನೇಯ್ಗೆಯದು ಎನ್ನಲು ಪರಿಣತಿ ಬೇಕಿಲ್ಲ, ತಿರುಗಿಸಿ ನೋಡಿದರೆ ಸಾಕು. ಅದರ ಹಿಂಬದಿಯ ಇಕ್ಕಟ್ಟಾದ ಹಿಂದಿ ಲೇನ್ ಮಾತ್ರ ನೋಡತಕ್ಕದ್ದು: ಎರಡು ಆಳು ಒಟ್ಟಿಗೆ ನಡೆಯಲಾಗದ ಓಣಿಯಲ್ಲಿ ತುಳಸಿ, ಕುಂಕುಮ, ತೆಂಗಿನಕಾಯಿ, ಹೂವಿನ ಮಾಲೆ. ಮಲ್ಲಿಗೆ ಇತ್ತು. ಒಂದು ಮೊಳ ತೆಗೆದುಕೊಂಡು ಮೂಗಿಗೆ ಹಿಡಿದು ನೋಡಿದೆ. ದಪ್ಪ ಮೊಗ್ಗು, ಬಾಳೆನಾರಿನ ಬದಲು ಬಿಳಿ ದಾರ. ನಮ್ಮದಲ್ಲ. ಮಾರುವವರು ತಮಿಳುನಾಡಿನದೆಂದರು. ಆದರೂ ಮುಡಿದುಕೊಂಡೆ.

ಈಗ ಊಟದ ವಿಷಯ. ಮೀನಾ ಬಜಾರಿನ ಸುತ್ತಲೂ ಸಸ್ಯಾಹಾರಿ ಹೋಟೆಲುಗಳಿಗೆ ಬರವಿಲ್ಲ. ‘ಉಡುಪಿ’ ಎಂಬ ಅಕ್ಷರಗಳಿದ್ದ ಫಲಕವೊಂದನ್ನು ಕಂಡು, ಪರದೇಶದಲ್ಲಿ ನಮ್ಮೂರಿನ ಹೆಸರಿಗೆ ಎಷ್ಟು ಗೌರವವೆಂದು ಹಿಗ್ಗಿ ಒಳಗೆ ಹೋದವಳು ನಾನೇ. ಮಗ ಸೊಸೆಯರದೇನೂ ತಪ್ಪಿಲ್ಲ. ಹೋಟೆಲಿನ ಪೂರ್ಣ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಒಂದು ಮಧ್ಯಾಹ್ನದ ಅನುಭವದಿಂದ ಯಾರ ವ್ಯಾಪಾರಕ್ಕೂ ಕಲ್ಲು ಹಾಕಬಾರದು. ಆದರೆ ಆ ಫಲಕವನ್ನು ಹಾಕಿಕೊಂಡವರ ಮೇಲೆ ಒಂದು ಹೊಣೆಯಿದೆ. ಕಡಂದಲೆಯ ಕೃಷ್ಣ ರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ್ದು, ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಬೋರ್ಡಿಂಗ್ ತೆರೆದದ್ದು ಇದೇ ಹೆಸರಿನ ಬಲದಿಂದ. ಮತ್ತು ಆ ಹೆಸರಿಗೆ ಬಲ ಬಂದದ್ದು ಅಂಥವರ ಸಾರು, ಹುಳಿ, ಚಟ್ನಿಗಳಿಂದ.

ದೋಸೆಯ ಬಗ್ಗೆ ದೂರಿಲ್ಲ. ಗಾಜಿನಾಚೆ ದೋಸೆ ಹೊಯ್ಯುವವರನ್ನು ನಾನು ಬಹಳ ಹೊತ್ತು ನೋಡುತ್ತಿದ್ದೆ. ಕಾವಲಿಯ ಮೇಲೆ ನೀರು ಚಿಮುಕಿಸಿ, ಹನಿಗಳು ಮುತ್ತಿನಂತೆ ಓಡಿ ಆರುವವರೆಗೆ ಕಾದು, ಹಿಡಿಸೂಡಿಯಿಂದ ಒಮ್ಮೆ ಗುಡಿಸಿ, ಹಿಟ್ಟನ್ನು ನಡುವಿನಿಂದ ಹೊರಕ್ಕೆ ಒಂದೇ ಸುತ್ತಿನಲ್ಲಿ ಎಳೆದರು. ಅಂಚು ಮೇಲೇಳುವ ಮೊದಲು ಪಲ್ಯ ಹಾಕಲಿಲ್ಲ. ಕೈ ಪಳಗಿದ ಕೈ. ತಟ್ಟೆಗೆ ಬಂದದ್ದು ಕೆಂಪಗೆ, ಗರಿಗರಿಯಾಗಿ, ಒಳಬದಿಯಲ್ಲಿ ಮೆತ್ತಗೆ ಇತ್ತು. ದರ 16 ದಿರ್ಹಮ್. ಇಲ್ಲಿ ಮಾತ್ರ ಗುಣಿಸಬಾರದು ಎಂದು ಮಗ ಹೇಳಿದ್ದು ಸರಿ. ಆ ಊರಿನ ಬಾಡಿಗೆಗೂ ಸಂಬಳಕ್ಕೂ ಅದು ಅನ್ಯಾಯದ ದರವಲ್ಲ.

ಹದ ತಪ್ಪಿದ್ದು 28 ದಿರ್ಹಮಿನ ಊಟದಲ್ಲಿ. ತಿಳಿಸಾರು ಚೆನ್ನಾಗಿತ್ತು, ಎರಡು ಸಲ ಕೇಳಿ ಹಾಕಿಸಿಕೊಂಡೆ. ಹುಳಿ ಎಂದು ಬಡಿಸಿದ್ದರಲ್ಲಿ ಮಾತ್ರ ಸಕ್ಕರೆಯಿತ್ತು, ತೆಂಗಿನಕಾಯಿ ಇರಲಿಲ್ಲ. ನಮ್ಮಲ್ಲಿ ಹುಳಿಗೆ ಬೆಲ್ಲ ಹಾಕುವುದನ್ನೇ ದೇಶವೆಲ್ಲ ‘ಉಡುಪಿ ಸಾಂಬಾರ್ ಸಿಹಿ’ ಎಂದು ತಿಳಿದುಕೊಂಡಿದೆ. ಆ ಬೆಲ್ಲ ಹುಣಿಸೆಯ ಹುಳಿಯನ್ನೂ ಬ್ಯಾಡಗಿ ಮೆಣಸಿನ ಖಾರವನ್ನೂ ಹದಕ್ಕೆ ತರಲಿಕ್ಕೆ ಇರುವುದೇ ಹೊರತು ಮುಂದೆ ಬಂದು ನಿಲ್ಲಲಿಕ್ಕೆ ಅಲ್ಲ. ಎಣ್ಣೆಯಲ್ಲಿ ಹುರಿದ ಕೊತ್ತಂಬರಿ, ಉದ್ದಿನಬೇಳೆ, ಮೆಂತ್ಯ, ಮೆಣಸಿನೊಂದಿಗೆ ಕಾಯಿ ರುಬ್ಬದೆ ಮಾಡಿದ್ದನ್ನು ಬೇರೇನಾದರೂ ಕರೆಯಲಿ. ಪಲ್ಯಗಳೆರಡರಲ್ಲೂ ಬೆಳ್ಳುಳ್ಳಿ; ಅದೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಅಡುಗೆ ಮಾಡಿ ಹೆಸರು ಗಳಿಸಿದ ಮಠದೂರಿನ ಹೆಸರಿನಲ್ಲಿ! ಕುಚ್ಚಲಕ್ಕಿ ಅನ್ನ ಕೇಳಿದರೆ 2 ದಿರ್ಹಮ್ ಬೇರೆ. ಬನ್ಸ್ ತರಿಸಿದೆವು. ಬನ್ಸ್‌ನ ಜೀವ ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣಿನಲ್ಲಿದೆ. ಅಲ್ಲಿಯದು ಚೆನ್ನಾಗಿ ಉಬ್ಬಿತ್ತು, ಮುರಿದರೆ ಸೋಡಾದ ವಾಸನೆ ಬಂತು, ಬಾಳೆಹಣ್ಣಿನ ಸುಳಿವಿರಲಿಲ್ಲ. ಪೂರಿಗೆ ಸಕ್ಕರೆ ಹಾಕಿದಂತಿತ್ತು.

ಇದಕ್ಕಿಂತಲೂ ಬೇಸರವಾದದ್ದು ಆತುರ. ಕೊನೆಯ ತುತ್ತಿಗೆ ಮೊಸರು ಕಲಸುತ್ತಿರುವಾಗಲೇ ಬಿಲ್ಲಿನ ತಟ್ಟೆ ಬಂದು ಕುಳಿತಿತು, ಬಾಗಿಲಲ್ಲಿ ಕಾಯುವವರು ನಮ್ಮ ಬಾಯನ್ನೇ ನೋಡುತ್ತಿದ್ದರು. ಕೇಳದೆಯೇ ಮೇಜಿನ ಮೇಲಿಟ್ಟಿದ್ದ ನೀರಿನ ಬಾಟಲಿಗಳಿಗೂ ಹಣ ಹಾಕಿದ್ದರು; ಅದು ಅಲ್ಲಿಯ ಪದ್ಧತಿಯಂತೆ. ಬಡಿಸುವವರಲ್ಲಿ ಸಿಟ್ಟಿಲ್ಲ, ಶನಿವಾರದ ಜನಜಂಗುಳಿಯಲ್ಲಿ ಅವರು ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಹೊಟ್ಟೆ ತುಂಬಿತೇ ಹೊರತು ಊಟ ಮುಗಿಯಿತು ಅನ್ನಿಸಲಿಲ್ಲ. ಆ ಹೋಟೆಲಿಗೆ ಹೋಗುವವರು ದೋಸೆ ತಿಂದು ಎದ್ದುಬರುವುದು ಒಳ್ಳೆಯದು.

ಮಧ್ಯಾಹ್ನದ ಎರಡು ಗಂಟೆಗಳನ್ನು ಅಲ್ ಫಹೀದಿ ಬಡಾವಣೆಯಲ್ಲಿ ಕಳೆದೆವು. ಹವಳದ ಕಲ್ಲು ಮತ್ತು ಜಿಪ್ಸಮ್‌ನಿಂದ ಕಟ್ಟಿದ, ಮಣ್ಣಿನ ಬಣ್ಣದ ಹಳೆಯ ಮನೆಗಳ ಕೇರಿ ಇದು. ಪಕ್ಕದಲ್ಲಿಯೇ 1787ರ ಕೋಟೆ. ಇರಾನಿನಿಂದ ಬಂದು ನೆಲೆಸಿದ ವ್ಯಾಪಾರಿಗಳು ಮನೆಯ ಮೇಲೆ ಬಾರ್ಜೀಲ್ ಎಂಬ ಗಾಳಿಗೋಪುರಗಳನ್ನು ಕಟ್ಟಿಸಿದ್ದರು. ನಾಲ್ಕೂ ದಿಕ್ಕಿಗೆ ಬಾಯಿ ತೆರೆದ ಆ ಗೋಪುರ ಯಾವ ಕಡೆಯಿಂದ ಗಾಳಿ ಬಂದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಅಂಥದ್ದೊಂದರ ನೇರ ಕೆಳಗೆ ನಿಂತಾಗ ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ, ಸೀರೆಯ ಸೆರಗು ಮಾತ್ರ ಮೆಲ್ಲಗೆ ಅಲ್ಲಾಡಿತು. ಓಣಿಗಳು ತಂಪು, ಜನ ಕಡಿಮೆ, ಎಲ್ಲೆಂದರಲ್ಲಿ ಕಟ್ಟೆ. ಪ್ರವೇಶಕ್ಕೆ ಹಣವಿಲ್ಲ. ಕೂರುವ ಅಂಕ ಇಲ್ಲಿಗೆ ಪೂರ್ತಿ. ನಾನು ಕಂಬಕ್ಕೆ ಒರಗಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದ್ದೆನೆಂದು ಮೊಮ್ಮಗಳು ಫೋಟೊ ಸಮೇತ ಸಾಬೀತುಪಡಿಸಿದ್ದಾಳೆ.

ಎದ್ದ ಮೇಲೆ ಕರಕ್ ಚಹಾ. ಗಲ್ಲಿಯ ಸಣ್ಣ ಅಂಗಡಿಗಳಲ್ಲಿ ಒಂದೆರಡು ದಿರ್ಹಮಿಗೆ ಕಾಗದದ ಲೋಟದಲ್ಲಿ ಸಿಗುತ್ತದೆ. ಚಹಾಪುಡಿಯನ್ನು ಏಲಕ್ಕಿಯೊಂದಿಗೆ ಬಹಳ ಹೊತ್ತು ಕುದಿಸಿ, ಡಬ್ಬಿಯ ಗಟ್ಟಿ ಹಾಲು ಸೇರಿಸಿ ಮತ್ತೆ ಕುದಿಸುತ್ತಾರೆ. ಬಣ್ಣ ನಮ್ಮ ಗುಡ್ಡದ ಕೆಮ್ಮಣ್ಣಿನದು. ನನಗೆ ಸಕ್ಕರೆ ಹೆಚ್ಚಾಯಿತು. ಮಗ ಎರಡು ಲೋಟ ಕುಡಿದ.

ಸಂಜೆ ಮತ್ತೆ ಅಬ್ರಾ ಹತ್ತಿ ಡೇರಾಕ್ಕೆ ದಾಟಿ, ಅಲ್ ರಿಗ್ಗಾ ರಸ್ತೆಯ ಒಂದು ಲೆಬನೀಸ್ ಉಪಾಹಾರ ಗೃಹದಲ್ಲಿ ರಾತ್ರಿಯ ಊಟ ಮುಗಿಸಿದೆವು. ಮಾಂಸದ ಅಡುಗೆಯೂ ಇರುವ ಜಾಗಕ್ಕೆ ಹೋಗಲು ನಾನು ಮೊದಲು ಹಿಂಜರಿದೆ. ಫಲಾಫೆಲ್‌ಗೆ ಎಣ್ಣೆ ಬೇರೆಯೇ ಎಂದು ಸೊಸೆ ಒಳಗೆ ಹೋಗಿ ಕೇಳಿ ಬಂದ ಮೇಲೆ ಕುಳಿತೆ. ಒಂದು ಕಚ್ಚಿದ್ದೇ ತಡ, ಇದು ನಮ್ಮ ಆಂಬೊಡೆಯ ದಾಯಾದಿಯೆಂದು ತಿಳಿಯಿತು. ಕಾಬೂಲಿ ಕಡಲೆಯನ್ನು ಬೇಯಿಸದೆ, ನೆನೆಸಿ ತರಿತರಿಯಾಗಿ ಅರೆದು, ಕೊತ್ತಂಬರಿ ಸೊಪ್ಪು ಹಾಕಿ ಕರಿಯುತ್ತಾರೆ. ನಾವು ಕಡಲೆಬೇಳೆಯನ್ನು ಹಾಗೆಯೇ ಮಾಡುತ್ತೇವೆ. ಹೊರಗೆ ಗರಿಗರಿ, ಒಳಗೆ ಹಸಿರು. ಬೆಳ್ಳುಳ್ಳಿ ಇದರಲ್ಲೂ ಇತ್ತು, ಆದರೆ ಇವರು ಉಡುಪಿಯ ಫಲಕ ಹಾಕಿರಲಿಲ್ಲವಲ್ಲ.

ಕಡೆಗೆ ಕುನಾಫಾ. ಅಗಲವಾದ ತಟ್ಟೆಯಲ್ಲಿ ಕೂದಲೆಳೆಯಂಥ ಶ್ಯಾವಿಗೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಅದರಡಿ ಉಪ್ಪು ತೆಗೆದ ಮೆತ್ತನೆಯ ಚೀಸ್ ಹರಡಿ, ಬಿಸಿಯಿರುವಾಗಲೇ ಸಕ್ಕರೆ ಪಾಕ ಸುರಿಯುತ್ತಾರೆ. ಉಕ್ಕಿನ ಸಟ್ಟುಗದಿಂದ ಚೌಕವಾಗಿ ಕತ್ತರಿಸಿ ಎತ್ತಿದಾಗ ಚೀಸ್ ಒಂದು ಗೇಣು ಉದ್ದಕ್ಕೆ ಎಳೆ ಎಳೆಯಾಗಿ ಬಂತು. ಮೇಲೆ ಪಿಸ್ತಾ ಪುಡಿ ಉದುರಿಸಿ ಕೊಟ್ಟರು. ಸಿಹಿಯಲ್ಲಿ ಚೀಸ್ ಎಂದರೆ ಮೂಗು ಮುರಿಯುತ್ತಿದ್ದ ನಾನು ಅರ್ಧ ಬಿಡುವೆನೆಂದು ಹೇಳಿ ಪೂರ್ತಿ ತಿಂದೆ. ಉಂಡಾದ ಮೇಲೂ ಮುಕ್ಕಾಲು ಗಂಟೆ ಕುಳಿತು ಹರಟಿದೆವು, ಯಾರೂ ಬಿಲ್ಲು ತಂದಿಡಲಿಲ್ಲ. ನಾವೇ ಕೈ ಎತ್ತಿ ಕೇಳಬೇಕಾಯಿತು. ನಾಲ್ಕು ಜನರಿಗೆ 96 ದಿರ್ಹಮ್.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ನನ್ನ ಪೆಟ್ಟಿಗೆಯಲ್ಲಿ ಎರಡು ಕಿಲೊ ಖಲಾಸ್ ಖರ್ಜೂರ, ಸೊಸೆ ಹಾಕಿಕೊಟ್ಟ ಹಾಲಿನಪುಡಿ ಮತ್ತು ಲೂಮಿಯ ಪೊಟ್ಟಣವಿದ್ದವು. ಖರ್ಜೂರ ಮೂರು ದಿನದಲ್ಲಿ ನೆರೆಮನೆಗಳಲ್ಲಿ ಹಂಚಿಹೋಯಿತು. ಲೂಮಿಯನ್ನು ಮೊದಲ ಸಲ ಇಡಿಯಾಗಿ ತೊಗರಿಬೇಳೆಯ ಸಾರಿಗೆ ಹಾಕಿ ಕುದಿಸಿದಾಗ ಕಹಿಯಾಗಿ, ಸಾರನ್ನು ತೆಂಗಿನ ಬುಡಕ್ಕೆ ಚೆಲ್ಲಬೇಕಾಯಿತು. ಫೋನ್‌ನಲ್ಲಿ ಹೇಳಿದರೆ, “ಅತ್ತೆ, ಒಡೆದು ಬೀಜ ತೆಗೀಬೇಕು, ಅದನ್ನು ಹೇಳಲಿಕ್ಕೆ ಮರೆತೆ” ಎಂದಳು. ಎರಡನೆಯ ಸಲ ಬೀಜ ತೆಗೆದು, ಅರ್ಧ ಹೋಳು ಮಾತ್ರ ಹಾಕಿದೆ. ಹುಳಿ, ಸಣ್ಣ ಒಗರು, ಹೊಗೆಯ ಹಾಗೊಂದು ಪರಿಮಳ. ನನ್ನ ತಂಗಿ ಎರಡು ಸೌಟು ಹಾಕಿಸಿಕೊಂಡು, ಇದಕ್ಕೆ ಪುನರ್ಪುಳಿ ಹಾಕಿದ್ದೀಯಾ ಎಂದು ಕೇಳಿದಳು. ಡಬ್ಬದಲ್ಲಿ ಇನ್ನೂ ಹದಿನಾಲ್ಕು ಉಳಿದಿವೆ.